ಟಾಂಜಾನಿಯಾಕ್ಕೆ ಹೋದ ಪ್ರಾರ್ಥನಾ ಪತ್ರ

ನಾನು ಬಿಟ್ಟ ಕೆಲಸಕ್ಕೆ ಹೊಸದಾಗಿ ಬಂದಿರುವ ಗಂಡ ಹೆಂಡತಿ ಹೋದ ತಿಂಗಳು ನನ್ನನ್ನು ನೋಡಲು ಹೈದರಾಬಾದಿನ ಮಿಯಾಪುರಕ್ಕೆ ಬಂದಿದ್ದರು. ಇಬ್ಬರೂ ಎಂ.ಎ. ಓದಿದವರು. ಹುಡುಗ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, “ಅಂಕಲ್, ನಿಮ್ಮ ಕೆಲಸದ ಪದ್ಧತಿ ಏನಿತ್ತು, ಹೇಳಿ” ಎಂದು ಕೇಳಿದ. ಪದ್ಧತಿಯೆಲ್ಲ ನನ್ನ ಹೆಂಡತಿ ಸುಗುಣಳ ಹತ್ತಿರ ಇತ್ತು. ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಬರೆದು ಕೊಡುತ್ತೇನೆ ಎಂದು ಹೇಳಿ, ಚಹಾ ಕುಡಿಸಿ ಕಳಿಸಿದೆ. ಬರೆಯಲು ಕೂತರೆ ಎಲ್ಲಿಂದ ಶುರು ಮಾಡಿದರೂ ಅವಳೇ ಮುಂದೆ ಬಂದು ನಿಲ್ಲುತ್ತಾಳೆ. ನಿಲ್ಲಲಿ.

ಕೆಲಸ ಹೇಳುವುದಕ್ಕೆ ದೊಡ್ಡದು. ಹೈದರಾಬಾದಿಗೆ ಓದಲು ಬರುವ ಪರದೇಶದ ವಿದ್ಯಾರ್ಥಿಗಳ ನಡುವೆ ಮಿಷನರಿ. ಇಪ್ಪತ್ತೇಳು ವರ್ಷ ಮಾಡಿದೆ. ಲಿಂಗಸುಗೂರಿನ ಕಡೆಯ ನಮ್ಮ ಊರಲ್ಲಿ ನನಗೆ ಪರದೇಶದ ಮಿಷನರಿ ಎಂದೇ ಹೆಸರು. ಊರಿಗೆ ಹೋದರೆ ಹಿರಿಯರು, “ಈ ಸಲ ಯಾವ ದೇಶದಾಗಿದ್ದೆಪ್ಪಾ?” ಎಂದು ಕೇಳುತ್ತಿದ್ದರು. “ಹಿಮಾಯತ್‌ನಗರದಾಗ” ಎಂದರೆ, ಅದೂ ಒಂದು ದೇಶವಿರಬೇಕು ಎಂದು ತಲೆಯಾಡಿಸುತ್ತಿದ್ದರು. ನೂರಾರು ಹುಡುಗರ ಪಾಸ್‌ಪೋರ್ಟ್ ಹಿಡಿದುಕೊಂಡು ವಿದೇಶಿಯರ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತಿದ್ದೇನೆ. ನನಗೇ ಇವತ್ತಿಗೂ ಪಾಸ್‌ಪೋರ್ಟ್ ಇಲ್ಲ.

ಸಣ್ಣಪುಟ್ಟದ್ದನ್ನೆಲ್ಲ ಹೇಳುತ್ತೇನೆ. ಆದರೆ ಮುಖ್ಯವಾಗಿ ಹೇಳಬೇಕಾದದ್ದು ಬರಾಕಾ ಎಂಬ ಹುಡುಗನ ವಿಷಯ. ನಾನು ಬರೆದ ಒಂದು ಪತ್ರದಿಂದ ಅವನ ಓದು ಅರ್ಧಕ್ಕೆ ನಿಲ್ಲುವುದರಲ್ಲಿತ್ತು. ಅವನಿಗೆ ನನ್ನ ಮೇಲಿದ್ದ ನಂಬಿಕೆಯಂತೂ ಪೂರ್ತಿ ಹೋಯಿತು. ನಮ್ಮ ಕೆಲಸದಲ್ಲಿ ನಂಬಿಕೆ ಹೋದರೆ ಉಳಿಯುವುದು ಬರೀ ಊಟ. ಹೊಸಬರು ಈ ತಪ್ಪನ್ನು ಮಾಡುವ ಮೊದಲು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನಾನು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಸ್ಟೋರಿನಲ್ಲಿದ್ದೆ. ಭಾನುವಾರ ಸಭೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಯಾರಾದರೂ ಒಂಟಿಯಾಗಿ ನಿಂತಿದ್ದರೆ ಸುಗುಣ ಮನೆಗೆ ಕರೆತರುತ್ತಿದ್ದಳು. ಹಾಗೆ ಒಂದು ದಿನ ಸುಡಾನಿನ ಇಬ್ಬರು ಬಂದರು. ಒಬ್ಬ ಕ್ರೈಸ್ತ, ಅವನ ಜೊತೆಗೆ ಬಂದವನು ಮುಸಲ್ಮಾನ. ಅವಳು ಬಡಿದ ಜೋಳದ ರೊಟ್ಟಿಯ ಮೊದಲ ತುತ್ತು ಬಾಯಿಗಿಟ್ಟಾಗ ಆ ಎರಡನೆಯವನ ಕಣ್ಣು ತುಂಬಿತು. ಅವರ ಊರಲ್ಲೂ ಜೋಳವೇ ಊಟವಂತೆ, ತೆಳ್ಳಗೆ ದೋಸೆಯ ಹಾಗೆ ಹುಯ್ಯುತ್ತಾರಂತೆ. ಮುಂದಿನ ವಾರ ಆರು ಜನ ಬಂದರು. ಅದರ ಮುಂದಿನ ವಾರ ನಾನು ಹಿಟ್ಟಿನ ಗಿರಣಿಗೆ ಎರಡು ಸಲ ಹೋಗಬೇಕಾಯಿತು.

ಈ ಸುದ್ದಿ ಥಾಮಸ್ ಸರ್ ಕಿವಿಗೆ ಬಿತ್ತು. ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಮಿಷನ್ ನಡೆಸುತ್ತಿದ್ದವರು ಅವರು. ಹಿಮಾಯತ್‌ನಗರದಲ್ಲಿ ಸೀರೆ ಅಂಗಡಿಯ ಮೇಲೆ ಅವರ ಕಚೇರಿ. ನನ್ನನ್ನು ಕರೆಸಿ, ಕಾರ್ಖಾನೆ ಬಿಟ್ಟು ಬರುತ್ತೀಯಾ ಎಂದು ಕೇಳಿದರು. “ಸರ್, ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ” ಎಂದೆ. “ಒಳ್ಳೆಯದೇ ಆಯಿತು” ಎಂದರು. “ಭಾಷಣ ಮಾಡುವುದಿಲ್ಲ.”

ಸುಗುಣಳಿಗೆ ಇಂಗ್ಲಿಷ್ ಒಂದಕ್ಷರವೂ ಬರುತ್ತಿರಲಿಲ್ಲ. ಅವಳು ಯಾವ ದೇಶದವರ ಜೊತೆಗಾದರೂ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅರ್ಥವಾಗದಿದ್ದರೆ ಅದನ್ನೇ ಇನ್ನಷ್ಟು ಜೋರಾಗಿ ಹೇಳುತ್ತಿದ್ದಳು. ಎರಡು ವರ್ಷ ಊಟಕ್ಕೆ ಬಂದ ಹುಡುಗರು “ಭಾಳ ಛಲೋ ಆಗೇತ್ರಿ, ಇನ್ನೊಂದೀಟು ಪುಂಡಿಪಲ್ಯ ಹಾಕ್ರಿ” ಎನ್ನುವಷ್ಟು ಕಲಿತುಬಿಡುತ್ತಿದ್ದರು. ಹಿಮಾಯತ್‌ನಗರದ ಬೀದಿಯಲ್ಲಿ ಆರಡಿ ಎತ್ತರದ ಆಫ್ರಿಕಾದ ಹುಡುಗನೊಬ್ಬ ರಾಯಚೂರು ಕನ್ನಡದಲ್ಲಿ ಆಟೋದವನ ಜೊತೆ ಚೌಕಾಸಿ ಮಾಡುವುದನ್ನು ನಾನು ಕಂಡಿದ್ದೇನೆ. ತೆಲುಗಿನ ಆಟೋದವನು ಗಾಬರಿಯಿಂದಲೇ ಒಪ್ಪಿಕೊಂಡ.

ಶುರುವಿನ ವರ್ಷಗಳಲ್ಲಿ ಹೊಸಬರನ್ನು ವಿಮಾನ ನಿಲ್ದಾಣದಿಂದ ಕರೆತರುವುದೇ ದೊಡ್ಡ ಕೆಲಸ. ಆಗ ನಿಲ್ದಾಣ ಬೇಗಂಪೇಟೆಯಲ್ಲಿತ್ತು. ನನ್ನ ಮೊದಲ ಸಲ. ಕೀನ್ಯಾದ ಹುಡುಗನೊಬ್ಬ ಬರುತ್ತಾನೆ ಎಂದು ರಟ್ಟಿನ ಮೇಲೆ ಹೆಸರು ಬರೆದು ಹಿಡಿದು ನಿಂತೆ. ಒಬ್ಬರು ನೇರವಾಗಿ ಬಂದು ಕೈಕುಲುಕಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ಹುಡುಗನಿಗೆ ಸ್ವಲ್ಪ ವಯಸ್ಸಾಗಿದೆ ಅನ್ನಿಸಿತು. ಪಿಎಚ್‌ಡಿ ಇರಬೇಕು ಎಂದುಕೊಂಡೆ. ಮನೆಗೆ ಬಂದು ಸ್ನಾನ ಮಾಡಿದರು, ಉಂಡರು, ಮಧ್ಯಾಹ್ನ ಒಳ್ಳೆಯ ನಿದ್ದೆ ಮಾಡಿದರು. ಎದ್ದು ಕೇಳಿದರು, “ಈ ಹೋಟೆಲಿನ ಹೆಸರೇನು?” ಅವರು ಚರ್ಮದ ವ್ಯಾಪಾರಕ್ಕೆ ಬಂದ ಬೇರೆ ಯಾರೋ. ನಾನು ತಲೆ ಮೇಲೆ ಕೈಯಿಟ್ಟು ಕೂತೆ. ಸುಗುಣ ಮಾತ್ರ, “ಹೋಟೆಲ್ ಅಂದ್ರ ಹೋಟೆಲ್ ಅಂತ ಹೇಳ್ರಿ. ಇನ್ನೊಂದು ರೊಟ್ಟಿ ಹಾಕ್ಲೇನ್, ಕೇಳ್ರಿ” ಎಂದಳು. ನಿಜವಾದ ಹುಡುಗ ನಿಲ್ದಾಣದ ಬೆಂಚಿನ ಮೇಲೆ ನಾಲ್ಕು ತಾಸು ಕೂತಿದ್ದ. ಆ ವ್ಯಾಪಾರಿ ಆಮೇಲೆ ಹೈದರಾಬಾದಿಗೆ ಬಂದಾಗಲೆಲ್ಲ ನಮ್ಮ ಮನೆಗೇ ಬಂದು ಇಳಿದುಕೊಂಡರು.

ಈಗ ಹುಡುಗರ ಕೈಯಲ್ಲಿ ಫೋನಿದೆ. ನಿಲ್ದಾಣದಲ್ಲಿ ಇಳಿದು ತಾವೇ ಟ್ಯಾಕ್ಸಿ ಕರೆದು ತಾವೇ ಹಾಸ್ಟೆಲ್ ಹುಡುಕಿಕೊಳ್ಳುತ್ತಾರೆ. ಹಾಗಾದರೆ ನಮ್ಮ ಕೆಲಸವೇನು ಎಂದು ಹೊಸಬರು ಕೇಳಬಹುದು. ಎರಡು ತಿಂಗಳು ತಡೆಯಿರಿ. ಮೊದಲ ಜ್ವರ ಬರಲಿ, ಮೊದಲ ಸಲ ಮನೆ ಮಾಲೀಕರು ಬಾಗಿಲು ಮುಚ್ಚಲಿ. ಆಗ ಫೋನ್ ಮಾಡುತ್ತಾರೆ.

ಥಾಮಸ್ ಸರ್ ಒಳ್ಳೆಯವರು. ಆದರೆ ಅವರಿಗೆ ವರದಿಯ ಹುಚ್ಚು. ತಿಂಗಳಿಗೊಂದು ಅಚ್ಚಾದ ಫಾರ್ಮು. ಎಷ್ಟು ಜನರಿಗೆ ಸುವಾರ್ತೆ ಸಾರಿದೆ, ಎಷ್ಟು ಜನ ಕರ್ತನನ್ನು ಅಂಗೀಕರಿಸಿದರು. ನಾನು ಪ್ರಾಮಾಣಿಕವಾಗಿ ತುಂಬುತ್ತಿದ್ದೆ. ಇಬ್ಬರಿಗೆ ಟೈಫಾಯಿಡ್, ವಾಸಿಯಾಯಿತು. ಒಬ್ಬನಿಗೆ ಬಾಡಿಗೆ ಮನೆ ಸಿಕ್ಕಿತು. ಯೆಮೆನ್‌ನ ಒಬ್ಬ ಊರಿನ ನೆನಪಾಗಿ ಅತ್ತ, ಜೊತೆಗೆ ಕೂತಿದ್ದೆ. ಸರ್ ಕನ್ನಡಕ ಮೇಲೆತ್ತಿ, “ಕೂತಿದ್ದೆ ಅಂದರೆ ಯಾವ ಕಾಲಮ್ಮಿಗೆ ಹಾಕಲಿ?” ಎನ್ನುತ್ತಿದ್ದರು.

ನಾನು ಯೇಸುವಿನ ಮಾತು ಹೇಳಲೆಂದೇ ಈ ಕೆಲಸಕ್ಕೆ ಹೋದವನು. ಇದನ್ನು ಮುಚ್ಚಿಡುವುದಿಲ್ಲ. ಕೇಳಿದವರಿಗೆ ಹೇಳಿದ್ದೇನೆ, ಸತ್ಯವೇದ ತೆರೆದು ಜೊತೆಯಲ್ಲಿ ಓದಿದ್ದೇನೆ. ಕೇಳದವರಿಗೆ ರೊಟ್ಟಿ ಬಡಿಸಿದ್ದೇವೆ, ಅದೇ ರೊಟ್ಟಿ, ಅಷ್ಟೇ. ರಂಜಾನಿನಲ್ಲಿ ಉಪವಾಸವಿದ್ದ ಹುಡುಗರಿಗೆಂದು ಸುಗುಣ ಸಂಜೆ ಬಿಸಿ ಅಡುಗೆ ಮಾಡಿ ಕಾಯುತ್ತಿದ್ದಳು. “ಊಟದ ಮುಂದ ಷರತ್ತು ಇಡಬ್ಯಾಡ್ರಿ” ಎನ್ನುವುದು ಅವಳ ಮಾತು.

ಫಾರ್ಮು ನನ್ನಿಂದಾಗುವುದಿಲ್ಲ ಎಂದು ಗೊತ್ತಾದ ಮೇಲೆ ಥಾಮಸ್ ಸರ್ ಒಂದು ದಾರಿ ತೋರಿಸಿದರು. ಪ್ರತಿ ತಿಂಗಳು ಊರ ಕಡೆಯ ಚರ್ಚಿನ ಸಭೆಗಳಿಗೆ ಒಂದು ಪ್ರಾರ್ಥನಾ ಪತ್ರ ಬರೆ. ಏನು ನಡೆಯುತ್ತಿದೆ, ಯಾರಿಗಾಗಿ ಪ್ರಾರ್ಥಿಸಬೇಕು, ಎಲ್ಲ ಕನ್ನಡದಲ್ಲಿ ಬರೆ. ನಾನು ಬರೆದೆ. “ಆಫ್ರಿಕಾದ ಒಬ್ಬ ಸಹೋದರನಿಗಾಗಿ ಪ್ರಾರ್ಥಿಸಿರಿ” ಎಂದು ಬರೆದಾಗ ಸರ್‌ಗೆ ಹಿಡಿಸಲಿಲ್ಲ. “ಒಬ್ಬ ಸಹೋದರ ಅಂದರೆ ಯಾರ ಕಣ್ಣ ಮುಂದೆ ಬರುತ್ತಾನೆ? ವಿವರ ಕೊಡಬೇಕು. ಜನ ಹೆಸರಿಲ್ಲದವನಿಗೆ ಮೊಣಕಾಲೂರುವುದಿಲ್ಲ” ಎಂದರು.

ಬರಾಕಾ ಟಾಂಜಾನಿಯಾದ ಹುಡುಗ. ಬಿ.ಫಾರ್ಮಸಿ ಓದಲು ಬಂದಿದ್ದ. ಅವನ ತಂದೆ ಅಲ್ಲಿ ಒಂದು ಶಾಲೆಯ ಹೆಡ್‌ಮಾಸ್ತರರು. ಮೂರು ವರ್ಷದಿಂದ ಪ್ರತಿ ಶನಿವಾರ ನಮ್ಮ ಮನೆಗೆ ಬರುತ್ತಿದ್ದ. ಬಂದವನು ನೇರ ಅಡುಗೆಮನೆಗೆ ಹೋಗಿ ಸುಗುಣಳ ಮುಂದೆ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ. ಒಂದು ಶನಿವಾರ ಸೊಪ್ಪು ಬಿಡಿಸುತ್ತಲೇ ಅವಳಿಗೆ ಒಂದು ಮಾತು ಹೇಳಿದ. ಎರಡು ವರ್ಷದಿಂದ ಎರಡು ವಿಷಯಗಳಲ್ಲಿ ಫೇಲಾಗಿದ್ದಾನೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಫಸ್ಟ್ ಕ್ಲಾಸ್ ಎಂದು ಹೇಳುತ್ತ ಬಂದಿದ್ದಾನೆ. ಅಪ್ಪ ಅದನ್ನು ನಂಬಿ ಶಾಲೆಯ ಮಕ್ಕಳ ಮುಂದೆ ಹೇಳಿಕೊಳ್ಳುತ್ತಾರೆ.

ಅವನು ಹೋದ ಮೇಲೆ ಸುಗುಣ ನನಗೆ ಹೇಳಿದಳು. “ಅವನ ಸಲುವಾಗಿ ಪ್ರಾರ್ಥನಾ ಮಾಡ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.”

ಈಗ ನಮ್ಮವರ ಒಂದು ಗುಟ್ಟು ಹೇಳಬೇಕು. ನಮ್ಮಲ್ಲಿ ಒಬ್ಬರ ಮನೆಯ ವಿಷಯ ಇನ್ನೊಬ್ಬರ ಮುಂದೆ ಆಡುವುದು ಪಾಪ. ಆದರೆ ಅದನ್ನೇ ಕಣ್ಣುಮುಚ್ಚಿ, ತಲೆಬಾಗಿ, “ಕರ್ತನೇ, ಇಂಥವರ ಮಗಳು ಇಂಥವನ ಜೊತೆ ಓಡಿಹೋಗಿದ್ದಾಳೆ” ಎಂದರೆ ಅದು ಪ್ರಾರ್ಥನೆ. ನಾನು ಆ ಅಭ್ಯಾಸದಲ್ಲೇ ಬೆಳೆದವನು. ಸುಗುಣ ಪ್ರಾರ್ಥಿಸು ಎಂದಿದ್ದಾಳೆ, ಒಬ್ಬನೇ ಪ್ರಾರ್ಥಿಸುವುದಕ್ಕಿಂತ ನಾಲ್ಕು ಸಭೆಗಳು ಪ್ರಾರ್ಥಿಸಿದರೆ ಒಳ್ಳೆಯದಲ್ಲವೇ ಎಂದುಕೊಂಡೆ. ವಿವರ ಕೊಡಬೇಕು ಎಂಬ ಸರ್ ಮಾತೂ ನೆನಪಿತ್ತು. ಹುಡುಗನ ಹೆಸರು, ದೇಶ, ಊರು, ತಂದೆಯ ಕೆಲಸ, ಎರಡು ವಿಷಯ, ಫಸ್ಟ್ ಕ್ಲಾಸ್ ಎಂಬ ಸುಳ್ಳು, ಎಲ್ಲವನ್ನೂ ಕಣ್ಣೀರು ಬರುವ ಹಾಗೆ ಬರೆದೆ. ಕನ್ನಡ ಓದಲು ಬರುವ ಟಾಂಜಾನಿಯಾದವರು ಎಲ್ಲಿದ್ದಾರೆ ಎಂಬ ಧೈರ್ಯ ಬೇರೆ. ಮೊದಲ ಸಲ ಥಾಮಸ್ ಸರ್ ನನ್ನ ಬೆನ್ನು ತಟ್ಟಿದರು. “ಇದು ಪತ್ರ ಅಂದರೆ” ಎಂದರು.

ಆ ವರ್ಷವೇ ನಾವು ಪತ್ರವನ್ನು ಜೆರಾಕ್ಸ್ ಮಾಡಿ ಅಂಚೆಗೆ ಹಾಕುವುದನ್ನು ಬಿಟ್ಟು ವಾಟ್ಸಾಪಿನಲ್ಲಿ ಕಳಿಸಲು ಶುರು ಮಾಡಿದ್ದೆವು. ಊರಿನ ಸಭೆಯ ಒಬ್ಬ ಭಕ್ತರು ಪತ್ರ ಓದಿ ಮನಕರಗಿ, ಅದನ್ನು ಇಂಗ್ಲಿಷಿಗೆ ಮಾಡಿ, ತಾವು ಸೇರಿದ್ದ ಯಾವುದೋ ಪ್ರಾರ್ಥನಾ ಬಳಗಕ್ಕೆ ಹಾಕಿದರು. ಅಲ್ಲಿಂದ ಅದು ಇನ್ನೊಂದಕ್ಕೆ ಹೋಯಿತು. ಭಾನುವಾರದ ಹೊತ್ತಿಗೆ ಟಾಂಜಾನಿಯಾದ ಒಂದು ಚರ್ಚಿನಲ್ಲಿ ಒಬ್ಬ ತಾಯಿ ಎದ್ದುನಿಂತು ಅದನ್ನು ಎಲ್ಲರಿಗೂ ಓದಿದರು. ಎರಡನೆಯ ಬೆಂಚಿನಲ್ಲಿ ಬರಾಕಾನ ತಂದೆ ಕೂತಿದ್ದರು.

ಮಂಗಳವಾರ ಬರಾಕಾ ಬಂದ. ಬಾಗಿಲಲ್ಲೇ ನಿಂತು ಫೋನ್ ಮುಂದೆ ಹಿಡಿದ. “ಅಂಕಲ್, ಇದು ನೀವು ಬರೆದದ್ದೇನ್ರಿ?”

ನಾನು ಹೌದು ಎಂದೆ.

“ನಾ ಆಂಟಿಗೆ ಹೇಳಿದ್ದೆ” ಎಂದ. “ಟಾಂಜಾನಿಯಾಕ ಹೇಳಿದ್ದಿಲ್ಲ.”

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಸುಗುಣ ಒಳಗಿನಿಂದ ಬಂದು, “ಬಾ ತಮ್ಮಾ, ಉಂಡು ಹೋಗು” ಎಂದಳು. ಅವನು ಅವಳ ಪಾದ ಮುಟ್ಟಿ ಹೊರಟುಹೋದ. ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಮುಂದೆ ಇಡುವಾಗ ಬರುವ ಸದ್ದಿನಲ್ಲೇ ನನಗೆ ಉತ್ತರ ಸಿಗುತ್ತಿತ್ತು. ನಾಲ್ಕನೆಯ ದಿನ ಅವಳೇ ಬರಾಕಾನ ಹಾಸ್ಟೆಲಿಗೆ ಹೋಗಿ ಅವನನ್ನು ಕರೆತಂದಳು. ಅವನು ಮತ್ತೆ ಮನೆಗೆ ಬರಲು ಶುರು ಮಾಡಿದ. ಆದರೆ ಅವಳ ಜೊತೆ ಮಾತಾಡುತ್ತಿದ್ದವನು ನಾನು ಅಡುಗೆಮನೆಯ ಬಾಗಿಲಿಗೆ ಬಂದರೆ ಸುಮ್ಮನಾಗುತ್ತಿದ್ದ. ಹೇಗಿದ್ದೀ ಎಂದರೆ “ಛಲೋ ಅದೀನ್ರಿ” ಎನ್ನುತ್ತಿದ್ದ. ಅಷ್ಟೇ.

ಥಾಮಸ್ ಸರ್ ನನ್ನನ್ನು ಕರೆಸಿ, “ಹೆಸರು ಯಾಕೆ ಬರೆದೆ?” ಎಂದು ಕೇಳಿದರು. “ಹೆಸರಿಲ್ಲದವನಿಗೆ ಮೊಣಕಾಲೂರುವುದಿಲ್ಲ ಎಂದಿರಲ್ಲ ಸರ್” ಎಂದೆ. ಅವರು ಕನ್ನಡಕ ತೆಗೆದು ತುಂಬಾ ಹೊತ್ತು ಒರೆಸಿದರು. “ತಪ್ಪು ಇಬ್ಬರದೂ” ಎಂದರು. ಮೇಲಿನವರು ಹಾಗೆ ಹೇಳುವುದನ್ನು ನನ್ನ ನೌಕರಿಯಲ್ಲಿ ಅದೊಂದೇ ಸಲ ಕೇಳಿದ್ದು.

ಎರಡು ವಾರದಲ್ಲಿ ತಂದೆ ಬರುತ್ತಾರೆ ಎಂದು ಗೊತ್ತಾಯಿತು. ಮಗನನ್ನು ಕರೆದುಕೊಂಡು ಹೋಗಲು ಬರುತ್ತಿದ್ದರು. ಹತ್ತು ದಿನ ಇದ್ದು ಇಬ್ಬರೂ ಒಟ್ಟಿಗೆ ಮರಳುವ ಟಿಕೆಟ್. ಮರುಪರೀಕ್ಷೆ ಇದ್ದದ್ದು ಅದಾದ ಮೂರು ವಾರಕ್ಕೆ. ಅಂದರೆ ಹುಡುಗ ಪರೀಕ್ಷೆ ಬರೆಯುವ ಹಾಗೇ ಇಲ್ಲ, ನಾಲ್ಕು ವರ್ಷದ ಓದು ಅಲ್ಲಿಗೇ ಮುಗಿಯಿತು. “ಅವರು ನಮ್ಮ ಮನ್ಯಾಗ ಇಳೀಲಿ” ಎಂದಳು ಸುಗುಣ. “ಕಣ್ಮುಂದ ಇದ್ರ ಏನರ ಮಾಡಬೌದು.”

ನಿಲ್ದಾಣಕ್ಕೆ ನಾನೇ ಹೋದೆ. ಬಸ್ಸಿನಲ್ಲಿ ಕೂತು ಇಂಗ್ಲಿಷಿನಲ್ಲಿ ಕ್ಷಮೆ ಕೇಳುವ ನಾಲ್ಕು ವಾಕ್ಯ ಬಾಯಿಪಾಠ ಮಾಡಿದೆ. ಮಾಸ್ತರರು ಎತ್ತರದ ಮನುಷ್ಯ. ಬಿಳಿ ಅಂಗಿ, ಟೈ, ಕೈಯಲ್ಲಿ ಕೊಡೆ. ನಾನು ಬಾಯಿಪಾಠ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, “ಫೇಲಾದವನು ಅವನು. ಸುಳ್ಳು ಹೇಳಿದವನು ಅವನು. ನೀವು ಬರೀ ತಿಳಿಸಿದಿರಿ” ಎಂದರು. ಬೈದಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು.

ಅವತ್ತು ಸಂಜೆ ನಾಲ್ಕೂ ಜನ ಊಟಕ್ಕೆ ಕೂತೆವು. ಮಾಸ್ತರರು ಆಡುವುದು ಇಂಗ್ಲಿಷ್, ಸುಗುಣ ಆಡುವುದು ಕನ್ನಡ. ನಡುವೆ ಎರಡೂ ಸರಿಯಾಗಿ ಬರುವವನು ಬರಾಕಾ ಒಬ್ಬನೇ. ತನ್ನ ವಿಚಾರಣೆಗೆ ತಾನೇ ದುಭಾಷಿ.

ಮಾಸ್ತರರು ನಿಧಾನವಾಗಿ ಹೇಳಿದರು, “ಈ ತಾಯಿಗೆ ಕೃತಜ್ಞತೆ ಹೇಳು. ನನ್ನ ಮಗನನ್ನು ಅವರು ಸಾಕಿದ್ದಾರೆ. ಮುಂದಿನ ವಾರ ನಾವು ಹೊರಡುತ್ತೇವೆ, ನೀನು ಇನ್ನು ಓದುವುದಿಲ್ಲ ಎಂದೂ ಹೇಳು.”

ಬರಾಕಾ ಸುಗುಣಳ ಕಡೆ ತಿರುಗಿದ. “ಅಪ್ಪ, ಊಟ ಭಾಳ ಛಲೋ ಆಗೇತಿ ಅಂತಾರ್ರಿ.”

“ಅಷ್ಟುದ್ದ ಮಾತಿಗೆ ಇಷ್ಟೇ ಏನೋ?” ಎಂದಳು ಸುಗುಣ. “ಖರೇ ಹೇಳು.”

ಅವನು ಖರೇ ಹೇಳಿದ. ಸುಗುಣ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. “ನಿಮ್ಮಪ್ಪಗ ಕೇಳು. ಅವರ ಸಾಲ್ಯಾಗ ಫೇಲಾದ ಹುಡುಗನ್ನ ಹೊರಗ ಹಾಕ್ತಾರೇನು?”

“ನಾ ಹ್ಯಾಂಗ ಕೇಳ್ಲಿರಿ ಆಂಟಿ!”

ಹಾಗಾಗಿ ನನ್ನ ಮುರುಕು ಇಂಗ್ಲಿಷಿನಲ್ಲಿ ನಾನೇ ಕೇಳಿದೆ. ಮಾಸ್ತರರು ಹೇಳಿದರು, “ನನ್ನ ಶಾಲೆಯಲ್ಲಿ ಫೇಲಾದವನು ಮತ್ತೆ ಬರೆಯುತ್ತಾನೆ. ಮುಚ್ಚಿಟ್ಟವನು ಮನೆಗೆ ಹೋಗುತ್ತಾನೆ.”

ಬರಾಕಾ ತಲೆ ತಗ್ಗಿಸಿಯೇ ಅದನ್ನು ಕನ್ನಡಕ್ಕೆ ಮಾಡಿದ. ಸುಗುಣ ಕೈ ಚಾಚಿ ನನ್ನನ್ನು ತೋರಿಸಿದಳು.

“ಇವ್ರನ್ನ ನೋಡ್ರಿ ಅನ್ನು. ಹತ್ತನೇತ್ತಿ ಗಣಿತದಾಗ ಎರಡ ಸರ್ತಿ ಫೇಲ್. ಮೂರನೇ ಸರ್ತಿ ಹ್ಯಾಂಗೋ ಪಾಸಾದ್ರು. ಲಗ್ನಾಗಿ ಇಪ್ಪತ್ತೆಂಟು ವರ್ಷ ಆತು, ನನಗ ಇನ್ನಾ ಹೇಳವಲ್ರು. ನಾ ಇವ್ರನ್ನ ಮನೀಗೆ ಕಳಿಸೀನೇನು?”

ಅದು ನಿಜ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೆಣ್ಣು ನೋಡಲು ಹೋದಾಗ ಮಾವನವರು ಓದಿನ ಬಗ್ಗೆ ಕೇಳಿದರೆ, ಒಂದೇ ಸಲಕ್ಕೆ ಪಾಸು ಎಂದಿದ್ದೆ. ಆಮೇಲೆ ಹೇಳಲು ಒಳ್ಳೆಯ ದಿನವೇ ಬರಲಿಲ್ಲ. ಇವಳಿಗೆ ಯಾವಾಗ, ಯಾರಿಂದ ಗೊತ್ತಾಯಿತು?

ಅಲ್ಲಿಯವರೆಗೆ ಎಲ್ಲವನ್ನೂ ಮೊಟಕು ಮಾಡುತ್ತಿದ್ದ ಬರಾಕಾ ಇದನ್ನು ಮಾತ್ರ ಒಂದಕ್ಷರ ಬಿಡದೆ ಅನುವಾದಿಸಿದ. ‘ಎರಡ ಸರ್ತಿ’ ಎನ್ನುವಲ್ಲಿ ಎರಡು ಬೆರಳನ್ನೂ ಎತ್ತಿ ತೋರಿಸಿದ. ಪತ್ರ ಬರೆದ ನನಗೆ ತಕ್ಕದ್ದಾಯಿತು.

ಮಾಸ್ತರರು ತಿರುಗಿ ನನ್ನನ್ನು ನೋಡಿದರು. ಗಂಭೀರವಾಗಿ ಕೇಳಿದರು, “ಬೀಜಗಣಿತವೋ, ರೇಖಾಗಣಿತವೋ?”

“ಎರಡೂ” ಎಂದೆ.

ಅವರು ನಲವತ್ತು ವರ್ಷ ಗಣಿತ ಕಲಿಸಿದವರಂತೆ. ಮರುದಿನ ಬೆಳಿಗ್ಗೆ ಆರಕ್ಕೆ ಅವರು ಟೈ ಕಟ್ಟಿಕೊಂಡು, ಕಾಗದ ಪೆನ್ಸಿಲ್ ಹಿಡಿದು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಬರಾಕಾನನ್ನು ಸುಗುಣ ಒಳಗಿನ ಕೋಣೆಯಲ್ಲಿ ಪುಸ್ತಕದ ಮುಂದೆ ಕೂರಿಸಿ, ಹೊರಡುವ ದಿನದವರೆಗಾದರೂ ಓದಲಿ, ಆ ಕಡೆ ಯಾರೂ ಸುಳಿಯಬೇಡಿ ಎಂದು ಹೇಳಿಬಿಟ್ಟಿದ್ದಳು. ಕಲಿಸದೆ ಇರಲಾರದ ಮನುಷ್ಯ, ಕೈಗೆ ಸಿಕ್ಕವನು ನಾನು. ಐವತ್ತು ದಾಟಿದ ಮೇಲೆ ನಾನು ತ್ರಿಕೋನದ ಪ್ರಮೇಯ ಕಲಿಯಲು ಕೂತೆ. ಅವರು ಗೆರೆ ಎಳೆದು, ಕೋನ ತೋರಿಸಿ, “ತಿಳಿಯಿತೇ?” ಎನ್ನುತ್ತಿದ್ದರು. ನಾನು “ಯೆಸ್ ಸರ್” ಎನ್ನುತ್ತಿದ್ದೆ. ಹಾಲು ತರಲು ಬಾಗಿಲು ದಾಟುವಾಗ ಸುಗುಣ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಹೋಗುತ್ತಿದ್ದಳು.

ನಾಲ್ಕನೆಯ ಬೆಳಿಗ್ಗೆ ಅವರು ಒಂದು ಲೆಕ್ಕ ಕೊಟ್ಟು ಮಾಡು ಎಂದರು. ನನಗೆ ಮೊದಲ ಗೆರೆಯನ್ನೇ ಎಲ್ಲಿ ಎಳೆಯಬೇಕೆಂದು ಗೊತ್ತಾಗಲಿಲ್ಲ. ಅವರು ಪೆನ್ಸಿಲ್ ಕೆಳಗಿಟ್ಟರು. “ಮೂರು ದಿನ ತಿಳಿಯಿತು ಎಂದಿರಿ. ತಿಳಿದಿರಲಿಲ್ಲ. ಯಾಕೆ ಹಾಗೆ ಹೇಳಿದಿರಿ?”

ನನಗೆ ನಿಜ ಹೇಳದೆ ಬೇರೆ ದಾರಿ ಇರಲಿಲ್ಲ. ಬಂದ ಇಂಗ್ಲಿಷಿನಲ್ಲಿ ಹೇಳಿದೆ. “ಸರ್, ನೀವು ಅಷ್ಟು ಪ್ರೀತಿಯಿಂದ ಕಲಿಸುತ್ತೀರಿ. ಕೇಳುವಾಗ ನಿಮ್ಮ ಮುಖದಲ್ಲಿ ಅಷ್ಟು ಆಸೆ ಇರುತ್ತದೆ. ಆ ಮುಖ ನೋಡಿಕೊಂಡು ತಿಳಿಯಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.”

ಒಳಗಿನ ಕೋಣೆಯಲ್ಲಿ ಬರಾಕಾ ಔಷಧಿಗಳ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಮಾಸ್ತರರು ಆ ಕಡೆ ನೋಡುತ್ತ ಬಹಳ ಹೊತ್ತು ಕೂತರು. ಸುಗುಣ ತಂದಿಟ್ಟ ಚಹಾ ಆರಿತು. ಆಮೇಲೆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಎದ್ದರು, ಕೊಡೆ ತೆಗೆದುಕೊಂಡರು, ಟಿಕೆಟ್ ಬದಲಾಯಿಸುವ ಕಚೇರಿ ಎಲ್ಲಿದೆ ಎಂದು ಕೇಳಿದರು. ನಾನು ಜೊತೆಗೆ ಹೋದೆ. ಕೌಂಟರಿನಲ್ಲಿ ಮಗನ ಟಿಕೆಟ್ ಮಾತ್ರ ರದ್ದು ಮಾಡಿಸಿದರು. ದಾರಿಯಲ್ಲಿ ಬರುವಾಗ ಒಂದೇ ಮಾತು ಹೇಳಿದರು, “ನನ್ನ ಮುಖ ಹಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.”

ಹತ್ತನೆಯ ದಿನ ಒಬ್ಬರೇ ಊರಿಗೆ ಹೋದರು. ನನಗೆ ಹನ್ನೆರಡು ಲೆಕ್ಕಗಳ ಮನೆಪಾಠ ಬಿಟ್ಟು ಹೋದರು. ಏಳನ್ನು ಮಾಡಿದ್ದೇನೆ.

ಎಂಟು ತಿಂಗಳ ಹಿಂದೆ, ಸುಗುಣ ತೀರಿಕೊಂಡ ಮೂರನೆಯ ದಿನ ಟಾಂಜಾನಿಯಾದಿಂದ ವಿಡಿಯೋ ಕರೆ ಬಂತು. ಮಾಸ್ತರರು. ತಲೆ ಪೂರ್ತಿ ಬೆಳ್ಳಗಾಗಿದೆ, ಟೈ ಕಟ್ಟಿದ್ದರು. ಅವರ ಕಡೆ ಸಾವಿನ ಮನೆಗೆ ಹೋದರೆ ಸಮಾಧಾನ ಹೇಳುವುದಕ್ಕಿಂತ ಹೆಚ್ಚಾಗಿ ಜೊತೆಗೆ ಕೂರುತ್ತಾರಂತೆ. ಅವರು ಕುರ್ಚಿಯ ಮೇಲೆ ಕೂತರು, ನಾನು ಇಲ್ಲಿ ಮಂಚದ ಮೇಲೆ ಕೂತೆ. ಮುಕ್ಕಾಲು ತಾಸು ಇಬ್ಬರೂ ಒಂದು ಮಾತೂ ಆಡಲಿಲ್ಲ. ಆಮೇಲೆ ಅವರು ತಲೆಬಾಗಿ ಕರೆ ಮುಗಿಸಿದರು. ಇದನ್ನು ಯಾವ ಕಾಲಮ್ಮಿಗೆ ಹಾಕಬೇಕೋ ನನಗೆ ಈಗಲೂ ಗೊತ್ತಿಲ್ಲ. ಆದರೆ ಆ ದಿನಗಳಲ್ಲಿ ನನಗೆ ಹೆಚ್ಚು ಆಸರೆಯ ಹಾಗೆ ಕಂಡದ್ದು ಅದೇ.

ಬರಾಕಾನ ವಿಷಯ ಇನ್ನೂ ಮುಗಿದಿಲ್ಲ. ಅವತ್ತು ಅಪ್ಪ ಊರಿಗೆ ಹೋದ ಮೂರು ವಾರಕ್ಕೆ ಅವನು ಮರುಪರೀಕ್ಷೆ ಬರೆದ. ಅಪ್ಪ ಅವನನ್ನು ಕ್ಷಮಿಸಿದ್ದರು. ಅವನು ನನ್ನನ್ನು ಕ್ಷಮಿಸಿದನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮರ್ಯಾದೆಗೆ ಕೊರತೆ ಇರಲಿಲ್ಲ. ಆದರೆ ಪರೀಕ್ಷೆ ಹೇಗಾಯಿತು ಎಂದು ನಾನು ಕೇಳಿದರೆ, “ಆಂಟಿಗೆ ಹೇಳೀನ್ರಿ” ಎನ್ನುತ್ತಿದ್ದ. ನಾನು ಹೆಚ್ಚು ಕೇಳುತ್ತಿರಲಿಲ್ಲ. ಕೇಳುವ ಹಕ್ಕನ್ನು ಕಳೆದುಕೊಂಡವನು ನಾನೇ. ಪ್ರಾರ್ಥನಾ ಪತ್ರ ಬರೆಯುವುದನ್ನೂ ನಿಲ್ಲಿಸಿದ್ದೆ.

ಒಂದು ಬುಧವಾರ ಸಂಜೆ ನಾಲ್ಕಕ್ಕೆ ಅವನು ಓಡುತ್ತ ಬಂದ. ಮನೆಯಲ್ಲಿ ನಾನೊಬ್ಬನೇ ಇದ್ದೆ. ಸುಗುಣ ಚರ್ಚಿನ ಸ್ತ್ರೀಯರ ಕೂಟಕ್ಕೆ ಹೋಗಿದ್ದಳು. ಅಡುಗೆಮನೆಯಲ್ಲಿ ಇಣುಕಿ, “ಆಂಟಿ ಎಲ್ಲದಾರ್ರಿ?” ಎಂದ. ಆರಕ್ಕೆ ಬರುತ್ತಾಳೆ ಎಂದೆ. ಅವನು ತಿರುಗಿ ಹೊರಟ. ಹೊಸ್ತಿಲಲ್ಲಿ ನಿಂತ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದ.

“ಅಂಕಲ್” ಎಂದ, ಬೀದಿಯ ಕಡೆ ಮುಖ ಮಾಡಿಕೊಂಡೇ. “ನಾ ಪಾಸಾಗೀನ್ರಿ. ಎರಡೂದ್ರಾಗ.”

ನಾನು ಎದ್ದೆ, ಮತ್ತೆ ಕೂತೆ.

ಅವನು ತಿರುಗಿದ. “ಅಪ್ಪಗ ಇನ್ನಾ ಹೇಳಿಲ್ರಿ. ಆಂಟಿಗೂ ನಾನಾ ಹೇಳ್ತೀನಿ. ಅಲ್ಲೀತನ ನೀವು ಯಾರಿಗೂ ಹೇಳಬ್ಯಾಡ್ರಿ.”

“ಯಾರಿಗೂ ಹೇಳಂಗಿಲ್ಲ” ಎಂದೆ.

“ಪ್ರಾರ್ಥನಾದಾಗೂ ಹೇಳಬ್ಯಾಡ್ರಿ!” ಎಂದು ನಕ್ಕ. ಪತ್ರದ ದಿನದಿಂದ ಅವನು ನನ್ನೆದುರು ನಕ್ಕದ್ದು ಅದೇ ಮೊದಲು. ಅಪ್ಪನಿಗೆ ಫೋನ್ ಮಾಡಿ ಏಳಕ್ಕೆ ಬರುತ್ತೇನೆ ಎಂದು ಹೇಳಿ ಹೋದ.

ಸುಗುಣ ಆರಕ್ಕೆ ಬಂದಳು. ಚಪ್ಪಲಿ ಬಿಡುತ್ತ, “ಯಾರರ ಬಂದಿದ್ರೇನ್ರಿ?” ಎಂದಳು. ನನಗೆ ಸುಳ್ಳು ಹೇಳಲೂ ಆಗದು, ನಿಜ ಹೇಳಲೂ ಆಗದು. “ಫ್ಯಾನಿಗೆ ಧೂಳ ಭಾಳ ಕುಂತೈತಿ” ಎಂದು ಸ್ಟೂಲು ಹಾಕಿ ಹತ್ತಿ ಒರೆಸಲು ಶುರು ಮಾಡಿದೆ. ಅವಳು ಕೆಳಗೆ ನಿಂತು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಏಲಕ್ಕಿ ವಾಸನೆ ಬಂತು. ಹೋಗಿ ನೋಡಿದರೆ ಶಾವಿಗೆ ಪಾಯಸ ಕುದಿಯುತ್ತಿತ್ತು.

“ಇದ್ಯಾಕ ಇವತ್ತು?” ಎಂದೆ.

“ಸುಮ್ನ. ತಿನ್ಬೇಕು ಅನ್ನಿಸ್ತು” ಎಂದಳು.

ಏಳಕ್ಕೆ ಬರಾಕಾ ಬಂದು ಅವಳಿಗೆ ಹೇಳಿದ. ಸುಗುಣ ಗಲ್ಲದ ಮೇಲೆ ಕೈಯಿಟ್ಟು, “ಹೌದೇನೋ ನನ್ನಪ್ಪಾ! ಖರೇನಾ!” ಎಂದು ಕೂಗಿದ್ದು ಮೇಲಿನ ಮನೆಯವರಿಗೂ ಕೇಳಿಸಿತು. ಅವನ ತಲೆ ಬಗ್ಗಿಸಿ ನೆಟಿಗೆ ಮುರಿದಳು, ಅತ್ತಳು, ಕರ್ತನಿಗೆ ಸ್ತೋತ್ರ ಹೇಳಿದಳು. ಅವನು ಎರಡು ಬಟ್ಟಲು ಪಾಯಸ ತಿಂದ. ಅದು ಯಾಕೆ ಆಗಲೇ ತಯಾರಿತ್ತು ಎಂದು ಕೇಳುವಷ್ಟು ಅವನಿಗೆ ಪುರುಸೊತ್ತಿರಲಿಲ್ಲ.

ಅವನನ್ನು ಕಳಿಸಿ ಬಾಗಿಲು ಹಾಕಿದ ಮೇಲೆ ನಾನು ಹೇಳಿದೆ, “ಸುಗುಣಾ, ನಾ ಏನೂ ಹೇಳಿದ್ದಿಲ್ಲ ನಿನಗ.”

“ನಾ ಎಲ್ಲಿ ಕೇಳೀನಿ?” ಎಂದಳು. “ಆ ಬಟ್ಟಲಾ ಎತ್ತಿಡ್ರಿ.”